ಮಂಚದ ಕೆಳಗಿನ ನಾಯಿ: ಹೆದರಿದ ಹೊಸ ನಾಯಿಗೆ ಮನೆ ರೂಢಿಯಾಗುವುದು ಹೇಗೆ?

[ದೃಶ್ಯ: ಮಬ್ಬು ಬೆಳಕಿನ ಕೋಣೆ. ಮಂಚದ ಕೆಳಗೆ ಎರಡು ಕಣ್ಣು ಮಾತ್ರ ಹೊಳೆಯುತ್ತಿವೆ.]

ನಮಸ್ಕಾರ. ಈ ಮಂಚದ ಕೆಳಗೆ ಇರುವುದು ನಮ್ಮ ಬೆಳ್ಳಿ. ಅವಳು ನಮ್ಮ ಮನೆಗೆ ಬಂದ ಎರಡನೇ ರಾತ್ರಿ ತೆಗೆದ ವಿಡಿಯೋ ಇದು. ಗೋಡೆಗೆ ಬೆನ್ನು ಒತ್ತಿಕೊಂಡು ಮುದುರಿ ಮಲಗಿದ್ದಾಳೆ. ಮಲಗಿದ್ದಾಳೆ ಅಷ್ಟೇ, ನಿದ್ದೆ ಇಲ್ಲ. ಗದ್ದ ನೆಲದ ಮೇಲಿದೆ, ಕಿವಿ ಮಾತ್ರ ಆ ಕಡೆ ಈ ಕಡೆ ತಿರುಗುತ್ತಲೇ ಇದೆ. ಬಟ್ಟಲಿಗೆ ಹಾಕಿದ ಊಟ ಹಾಕಿದ ಹಾಗೇ ಇದೆ.

ಆ ರಾತ್ರಿ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಯೋಚನೆ. ಇವಳಿಗೆ ನಾವು ಇಷ್ಟ ಆಗಿಲ್ಲ, ಇವಳನ್ನು ಕರೆದುಕೊಂಡು ಬಂದು ತಪ್ಪು ಮಾಡಿದೆವೇನೋ ಅಂತ. ನೀವೂ ಈಗ ಅದೇ ಯೋಚನೆಯಲ್ಲಿ ಕೂತಿದ್ದರೆ, ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ನಾಯಿ ನಿಮ್ಮನ್ನು ಬೇಡ ಅನ್ನುತ್ತಿಲ್ಲ. ನೀವು ಯಾರು ಅಂತಲೇ ಅದಕ್ಕೆ ಇನ್ನೂ ಗೊತ್ತಿಲ್ಲ.

[ದೃಶ್ಯ: ನಾಯಿಯ ಎತ್ತರದಲ್ಲಿ ಕ್ಯಾಮೆರಾ. ಅಡುಗೆಮನೆ, ಮಿಕ್ಸಿ, ಫ್ಯಾನ್, ಓಡಾಡುವ ಕಾಲುಗಳು.]

ಅದರ ಜಾಗದಲ್ಲಿ ನಿಂತು ನೋಡಿ. ನೆನ್ನೆವರೆಗೆ ಇದ್ದ ಜಾಗ ಇಲ್ಲ, ಗುರುತಿನ ಮುಖ ಇಲ್ಲ, ಗೊತ್ತಿರುವ ವಾಸನೆ ಒಂದೂ ಇಲ್ಲ. ನಾಯಿಗೆ ಜಗತ್ತು ಅಂದರೆ ಮೊದಲು ವಾಸನೆ, ಆಮೇಲೆ ಉಳಿದದ್ದು. ಕಿವಿಯೂ ಅಷ್ಟೇ ಚುರುಕು. ಸದ್ದು ಎಷ್ಟು ಕೀಚಲು ಅಂತ ಅಳೆಯುವ ಲೆಕ್ಕ ಹರ್ಟ್ಜ್. ನಮಗೆ ಹೆಚ್ಚೆಂದರೆ 20,000 ಹರ್ಟ್ಜ್ ತನಕ ಕೇಳಿಸುತ್ತದೆ. ನಾಯಿಗೆ ಸುಮಾರು 45,000 ತನಕ. ನಾವು ನಿಶ್ಶಬ್ದ ಅಂದುಕೊಂಡ ಕೋಣೆ ಅದಕ್ಕೆ ನಿಶ್ಶಬ್ದ ಆಗಿರಬೇಕು ಅಂತೇನಿಲ್ಲ.

ಹೆದರಿದಾಗ ಮೈಯಲ್ಲಿ ಅಡ್ರಿನಾಲಿನ್ ಅನ್ನುವ ಹಾರ್ಮೋನ್ ಕ್ಷಣದಲ್ಲಿ ಏರುತ್ತದೆ. ಅದರ ಹಿಂದೆಯೇ ಕಾರ್ಟಿಸಾಲ್ ಅನ್ನುವ ಇನ್ನೊಂದು ಹಾರ್ಮೋನ್. ಒಂದು ಹೆದರಿಕೆ ಇಳಿಯುವ ಮೊದಲೇ ಇನ್ನೊಂದು ಬಂದರೆ ಅದು ಮೊದಲನೆಯದರ ಮೇಲೆ ಕೂರುತ್ತದೆ. ಬೆಳಿಗ್ಗೆ ಕಾರಿನ ಪ್ರಯಾಣ, ಮಧ್ಯಾಹ್ನ ಸ್ನಾನ, ಸಂಜೆ ನೋಡಲು ಬಂದ ನಾಲ್ಕು ಜನ. ಒಂದೊಂದನ್ನೂ ಅದು ತಡೆದುಕೊಂಡೀತು. ಎಲ್ಲ ಒಟ್ಟಿಗೆ ಬಂದಾಗ ರಾತ್ರಿ ಒಂದು ಚಮಚ ಬಿದ್ದ ಸದ್ದಿಗೂ ಕಚ್ಚಲು ಬರಬಹುದು. ನಾವು ಚಮಚವನ್ನಷ್ಟೇ ನೋಡಿರುತ್ತೇವೆ, ಅಲ್ವಾ?

ಅದಕ್ಕೇ ಮೊದಲ ಕೆಲವು ದಿನ ಏನನ್ನೂ ಸೇರಿಸಬೇಡಿ. ಸ್ನಾನ ಬೇಡ. ತುರ್ತು ಇಲ್ಲದಿದ್ದರೆ ಉಗುರು ಕತ್ತರಿಸುವುದೂ ಬೇಡ. "ನಾಯಿ ತಂದಿದ್ದೀರಂತೆ, ನೋಡಲು ಬರುತ್ತೇವೆ" ಅನ್ನುವವರಿಗೆ ಒಂದು ತಿಂಗಳು ಬಿಟ್ಟು ಬನ್ನಿ ಅನ್ನಿ. ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ಇದರಲ್ಲಿ ನಾನು ತುಂಬಾ ಗಟ್ಟಿ.

ದತ್ತು ಕೊಡುವವರು 3-3-3 ಅಂತ ಒಂದು ಲೆಕ್ಕ ಹೇಳುವುದುಂಟು. ಮೊದಲ 3 ದಿನ ಗಾಬರಿ, 3 ವಾರಕ್ಕೆ ಮನೆಯ ದಿನಚರಿ ಅರ್ಥವಾಗುತ್ತದೆ, 3 ತಿಂಗಳಿಗೆ ಇದು ನನ್ನ ಮನೆ ಅನ್ನಿಸುತ್ತದೆ. ಒಂದು ಅಂದಾಜಿಗೆ ಇದು ಸರಿ. ಆದರೆ ಇದನ್ನು ಗೋಡೆಗೆ ಅಂಟಿಸಿಕೊಂಡು ದಿನ ಎಣಿಸಬೇಡಿ. ಬೆಳ್ಳಿ ಮಂಚದ ಕೆಳಗಿನಿಂದ ಹಗಲು ಹೊತ್ತಿನಲ್ಲಿ ಹೊರಗೆ ಬಂದಿದ್ದೇ ಒಂಬತ್ತನೇ ದಿನ.

[ದೃಶ್ಯ: ಕೋಣೆಯ ಮೂಲೆ. ಹಾಸಿಗೆ, ನೀರು, ಅರ್ಧ ಮುಚ್ಚಿದ ಪರದೆ.]

ಮೊದಲ ಕೆಲಸ, ಒಂದು ಮೂಲೆ. ಇಡೀ ಮನೆ ಸುತ್ತಿಸಿ ತೋರಿಸುವ ಅಗತ್ಯ ಇಲ್ಲ. ಜನ ಜಾಸ್ತಿ ಓಡಾಡದ ಒಂದು ಕೋಣೆ, ಅದರಲ್ಲಿ ಒಂದು ಹಾಸಿಗೆ, ಹತ್ತಿರದಲ್ಲೇ ನೀರು. ರಟ್ಟಿನ ಪೆಟ್ಟಿಗೆ ಅಡ್ಡ ಮಲಗಿಸಿಟ್ಟರೂ ಆಗುತ್ತದೆ, ಮೇಜಿನ ಮೇಲೆ ಬೆಡ್‌ಶೀಟ್ ಇಳಿಬಿಟ್ಟರೂ ಆಗುತ್ತದೆ. ಗೂಡು ಇದ್ದರೆ ಬಾಗಿಲು ಸದಾ ತೆರೆದಿರಲಿ. ಹೆದರಿದ ನಾಯಿಯನ್ನು ಗೂಡಿನೊಳಗೆ ಹಾಕಿ ಚಿಲಕ ಹಾಕಿದರೆ ಅದು ಆಸರೆ ಆಗುವುದಿಲ್ಲ, ಬಲೆ ಆಗುತ್ತದೆ.

ಅದು ಒಳಗೆ ಇದ್ದಾಗ ಯಾರೂ ಕೈ ಹಾಕಬಾರದು. ಮಕ್ಕಳಂತೂ ಬೇಡವೇ ಬೇಡ. ಎಳೆಯಬಾರದು, ಬಗ್ಗಿ ಇಣುಕಬಾರದು. ತಪ್ಪಿಸಿಕೊಳ್ಳಲು ಒಂದು ಜಾಗ ಇದೆ ಅಂತ ಗೊತ್ತಿದ್ದರೆ ಮಾತ್ರ ನಾಯಿ ಧೈರ್ಯ ಮಾಡಿ ಮುಂದೆ ಬರುತ್ತದೆ. ಈ ವಿಡಿಯೋದಲ್ಲಿ ನಾನು ಹೇಳುವುದೆಲ್ಲ ಸುತ್ತಿ ಬಳಸಿ ಇದೇ. ಹಿಂದಕ್ಕೆ ಹೋಗುವ ದಾರಿ ತೆರೆದಿಡಿ, ಮುಂದಕ್ಕೆ ಬರುವ ಕೆಲಸ ಅದಕ್ಕೇ ಬಿಡಿ.

[ದೃಶ್ಯ: ನಾಯಿಯ ಮುಖ, ತೀರಾ ಹತ್ತಿರದಿಂದ. ನಾಲಿಗೆ ಮೂಗು ಸವರಿ ಒಳಗೆ ಹೋಗುತ್ತದೆ. ನಿಧಾನಗತಿಯಲ್ಲಿ ಮತ್ತೊಮ್ಮೆ.]

ಈಗ ಇಲ್ಲಿ ನೋಡಿ. ನಾಲಿಗೆ ಮೂಗಿನ ಮೇಲೆ ಒಂದು ಸಲ ಹೋಗಿ ಬಂತು. ಎದುರಿಗೆ ತಿಂಡಿ ಇಲ್ಲ. ಮತ್ತೆ ಯಾಕೆ ನೆಕ್ಕಿದಳು? ನಾನು ಆಗ ಒಂದು ಹೆಜ್ಜೆ ಮುಂದಿಟ್ಟಿದ್ದೆ, ಅದಕ್ಕೆ.

ನಾಯಿ ಮೈಯಿಂದಲೇ ಮಾತಾಡುತ್ತದೆ. ಬಾಲ ಹೊಟ್ಟೆಯಡಿ ಸೇರಿದರೆ ನಮಗೆಲ್ಲ ಗೊತ್ತಾಗುತ್ತದೆ. ಅದಕ್ಕಿಂತ ಮೊದಲೇ ಬರುವ ಸಣ್ಣ ಮಾತುಗಳು ತಪ್ಪಿಹೋಗುತ್ತವೆ. ನಿದ್ದೆ ಬಾರದ ಹೊತ್ತಿನಲ್ಲಿ ಆಕಳಿಕೆ. ಮುಖ ಪಕ್ಕಕ್ಕೆ ತಿರುಗಿಸಿ ಕಣ್ಣು ಮಾತ್ರ ನಿಮ್ಮ ಕಡೆ ಇಟ್ಟಾಗ ಮೂಲೆಯಲ್ಲಿ ಕಾಣುವ ಬಿಳಿ. ಸೆಕೆ ಇಲ್ಲದಿದ್ದರೂ ಏದುಸಿರು. ನೆಲದ ಮೇಲೆ ಒದ್ದೆ ಪಾದದ ಗುರುತು. ನಾಯಿಯ ಪಾದ ಗಾಬರಿಗೆ ಬೆವರುತ್ತದೆ, ನಮ್ಮ ಅಂಗೈ ಹಾಗೇ.

ಇನ್ನೊಂದು ಮುಖ್ಯವಾದದ್ದು, ಕಲ್ಲಿನ ಹಾಗೆ ನಿಂತುಬಿಡುವುದು. ಮುಟ್ಟಿದಾಗ ಅಲ್ಲಾಡದೆ ನಿಂತರೆ "ಎಷ್ಟು ಸಾಧು ನಾಯಿ" ಅಂದುಕೊಳ್ಳುತ್ತೇವೆ. ಸಾಧುವೂ ಇರಬಹುದು. ಉಸಿರು ಹಿಡಿದು, ಬಾಯಿ ಬಿಗಿದು ನಿಂತಿದ್ದರೆ ಮಾತ್ರ ಅದು ಸಾಧುತನ ಅಲ್ಲ, ಭಯ. ಕೈ ತೆಗೆದುಬಿಡಿ.

ಗುರ್ ಅಂದರೂ ಬೈಯಬೇಡಿ. ಗುರ್ ಅನ್ನುವುದು "ದಯವಿಟ್ಟು ಅಲ್ಲೇ ನಿಲ್ಲು" ಅನ್ನುವ ಎಚ್ಚರಿಕೆ. ಬೈದು ಅದನ್ನು ಬಿಡಿಸಿದರೆ ಎಚ್ಚರಿಕೆ ಹೋಗುತ್ತದೆ, ಭಯ ಹೋಗುವುದಿಲ್ಲ. ಮುಂದಿನ ಸಲ ಸದ್ದಿಲ್ಲದೆ ನೇರವಾಗಿ ಹಲ್ಲು ಬರುತ್ತದೆ.

[ದೃಶ್ಯ: ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂತ ಮನುಷ್ಯ. ಬೇಯಿಸಿದ ಮಾಂಸದ ಪುಟ್ಟ ತುಣುಕು ನಾಯಿಯ ಹಿಂದೆ ಬೀಳುತ್ತದೆ.]

ಹಾಗಾದರೆ ಸ್ನೇಹ ಬೆಳೆಸುವುದು ಹೇಗೆ? ನಮಗೆಲ್ಲ ತಕ್ಷಣ ಹೊಳೆಯುವುದು, ಕೈಯಲ್ಲಿ ತಿಂಡಿ ಹಿಡಿದು "ಬಾ ಬಾ" ಅನ್ನುವುದು. ಹೆದರಿದ ನಾಯಿಗೆ ಇದು ದೊಡ್ಡ ಸಂಕಟ. ಮೂಗು ಮುಂದೆ ಎಳೆಯುತ್ತದೆ, ಕಾಲು ಹಿಂದೆ ಎಳೆಯುತ್ತದೆ. ಕತ್ತು ಉದ್ದ ಮಾಡಿ, ಹಿಂಗಾಲು ಅಲ್ಲೇ ಊರಿ, ತಿಂಡಿ ಕಿತ್ತುಕೊಂಡು ಓಡುತ್ತದೆ. ತಿಂಡಿ ಮುಗಿದ ಮೇಲೆ ತಲೆ ಎತ್ತಿ ನೋಡಿದರೆ ನೀವು ತೀರಾ ಹತ್ತಿರ! ಮತ್ತೆ ಗಾಬರಿ.

ಅದರ ಬದಲು ತಿಂಡಿಯನ್ನು ನಾಯಿಯ ಹಿಂದೆ ಎಸೆಯಿರಿ. ಹೌದು, ನಿಮ್ಮಿಂದ ದೂರಕ್ಕೆ. ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತುಕೊಳ್ಳಿ. ಕಣ್ಣಿಟ್ಟು ನೋಡಬೇಡಿ. ಕೈ ಮೇಲೆತ್ತದೆ, ಕೆಳಗಿನಿಂದಲೇ ಮೆಲ್ಲಗೆ ಎಸೆಯಿರಿ. ಕಡಲೆಕಾಳಿನಷ್ಟು ಸಣ್ಣ ತುಣುಕು ಸಾಕು. ನಾಯಿ ಹಿಂದೆ ತಿರುಗಿ ತಿನ್ನುತ್ತದೆ. ದೂರ ಹೋಗಿದ್ದರಿಂದ ಅದಕ್ಕೆ ನಿರಾಳ, ಮೇಲಿಂದ ತಿಂಡಿ. ಆಮೇಲೆ ಅದಾಗಿಯೇ ನಿಮ್ಮ ಕಡೆ ತಿರುಗುತ್ತದೆ. ಇನ್ನೊಂದು ತುಣುಕು, ಮತ್ತೆ ಹಿಂದಕ್ಕೆ. ಐದು ನಿಮಿಷ ಆಡಿ ಎದ್ದು ಹೋಗಿ.

ನಾನು ಬೆಳ್ಳಿಯ ಜೊತೆ ದಿನಕ್ಕೆ ಮೂರು ಸಲ ಇದನ್ನೇ ಮಾಡಿದೆ. ಪ್ರತಿ ಸಲ ತಿಂದು ತಿರುಗಿ ಬರುವಾಗ ಅವಳು ನಿಲ್ಲುವ ಜಾಗ ಒಂದು ಗೇಣು ಮುಂದಕ್ಕೆ ಬರುತ್ತಿತ್ತು. ಈ ಆಟ ಶುರು ಮಾಡಿದ ಐದನೇ ದಿನ ನನ್ನ ಮೊಣಕಾಲನ್ನು ಮೂಸಿದಳು. ಮೀಸೆ ಕೂದಲು ಬಟ್ಟೆಗೆ ತಾಗಿದ್ದು ಗೊತ್ತಾಯಿತು. ನಾನು ಅಲ್ಲಾಡಲಿಲ್ಲ. ಮುಟ್ಟಬೇಕು ಅಂತ ಕೈ ತುಡಿಯುತ್ತಿತ್ತು, ತಡೆದುಕೊಂಡೆ. ಮಾರನೆಯ ದಿನ ಅವಳು ಎರಡು ಸಲ ಮೂಸಿದಳು.

ಸದ್ದಿಗೆ ಹೆದರುವ ನಾಯಿಗೂ ತಿಂಡಿಯೇ ಮದ್ದು. ಇಲ್ಲಿ ಯಾವುದು ಮೊದಲು ಅನ್ನುವುದು ಮುಖ್ಯ. ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೋವ್‌ಗೆ 1904ರಲ್ಲಿ ನೊಬೆಲ್ ಬಂದಿದ್ದು ಜೀರ್ಣಕ್ರಿಯೆಯ ಕೆಲಸಕ್ಕೆ. ಆ ಕೆಲಸದಲ್ಲೇ ಅವರು ಗಮನಿಸಿದ್ದು, ಊಟ ಬರುವ ಸೂಚನೆ ಸಿಕ್ಕರೆ ಸಾಕು, ನಾಯಿಯ ಬಾಯಲ್ಲಿ ನೀರು ಬರುತ್ತದೆ. ಸೂಚನೆ ಮೊದಲು, ಊಟ ಆಮೇಲೆ. ನಾವೂ ಹಾಗೇ ಮಾಡಬೇಕು. ದೂರದ ಕೋಣೆಯಲ್ಲಿ ಮಿಕ್ಸಿ ಒಂದು ಕ್ಷಣ ತಿರುಗಲಿ, ಆಮೇಲೆ ತಿಂಡಿ ಬರಲಿ. ತಿಂಡಿ ಮೊದಲು ಕೊಟ್ಟು ಆಮೇಲೆ ಸದ್ದು ಮಾಡಿದರೆ ನಾಯಿ ತಿಂಡಿಯನ್ನೇ ಅನುಮಾನಿಸಲು ಶುರು ಮಾಡುತ್ತದೆ. ತಿಂಡಿ ಮೂಸಿಯೂ ನೋಡದಿದ್ದರೆ ಸದ್ದು ಜಾಸ್ತಿ ಆಯಿತು ಅಂತ ಅರ್ಥ, ಇನ್ನೂ ದೂರ ಹೋಗಿ.

[ದೃಶ್ಯ: ಎದೆಯ ಪಕ್ಕ ಸವರುವ ಕೈ. ಕೈ ನಿಲ್ಲುತ್ತದೆ. ನಾಯಿ ಒರಗುತ್ತದೆ.]

ಮುಟ್ಟುವ ಕಾಲ ಬಂದಾಗ ತಲೆಯ ಮೇಲಿಂದ ಕೈ ತರಬೇಡಿ. ಎದೆಯ ಪಕ್ಕ ಮೂರು ಸೆಕೆಂಡ್ ಸವರಿ, ಕೈ ತೆಗೆಯಿರಿ. ಒರಗಿದರೆ, ಮೂತಿಯಿಂದ ತಳ್ಳಿದರೆ, ಇನ್ನೂ ಬೇಕು ಅಂತ. ಸುಮ್ನೆ ಇದ್ದರೆ, ಬೇರೆ ಕಡೆ ನೋಡಿದರೆ, ಸಾಕು ಅಂತ.

ಹೆದರಿದಾಗ ಸಮಾಧಾನ ಮಾಡಿದರೆ ಹೆದರಿಕೆ ಹೆಚ್ಚುತ್ತದೆ ಅಂತ ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ನಂಬಬೇಡಿ. ಭಯ ಅನ್ನುವುದು ಬಹುಮಾನಕ್ಕಾಗಿ ಮಾಡುವ ಕೆಲಸ ಅಲ್ಲ. ನಾಯಿ ನಿಮ್ಮ ಹತ್ತಿರ ಬಂದು ಒತ್ತಿ ಕೂತರೆ ಮೆಲ್ಲಗೆ ಮಾತಾಡಿಸಿ, ಪಕ್ಕದಲ್ಲಿ ಇರಿ.

ಮನೆಯೊಳಗೆ ಮೂತ್ರ ಮಾಡಿದರೆ ಒರೆಸಿ, ಮರೆತುಬಿಡಿ. ಮೂತಿ ಉಜ್ಜುವುದು, ಗದರುವುದು ಏನೂ ಬೇಡ. ಎದ್ದ ಕೂಡಲೇ, ತಿಂದ ಮೇಲೆ, ಮಲಗುವ ಮೊದಲು ಒಂದೇ ಜಾಗಕ್ಕೆ ಕರೆದುಕೊಂಡು ಹೋಗಿ.

[ದೃಶ್ಯ: ಅರ್ಧ ತೆರೆದ ಮುಂಬಾಗಿಲು.]

ಈ ಬಾಗಿಲಿನ ಬಗ್ಗೆ ಹೇಳಲೇಬೇಕು. ಎರಡನೇ ವಾರ. ಪಾರ್ಸೆಲ್ ತೆಗೆದುಕೊಳ್ಳಲು ಬಾಗಿಲು ತೆರೆದೆ. ಬೆಳ್ಳಿ ನನ್ನ ಕಾಲಿನ ಸಂದಿಯಲ್ಲಿ ನುಗ್ಗಿ ಹೊರಗೆ ಓಡಿದಳು. ನಾನು ಹೆಸರು ಕೂಗುತ್ತಾ ಹಿಂದೆ ಓಡಿದೆ, ಅವಳು ಇನ್ನೂ ಜೋರಾಗಿ ಓಡಿದಳು. ಕೊನೆಗೆ ನಿಂತಿದ್ದ ಒಂದು ಕಾರಿನ ಕೆಳಗೆ ನುಸುಳಿದಳು. ಆಗ ನೆನಪಾಯಿತು. ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂತೆ. ಜೇಬಿನಲ್ಲಿದ್ದ ತಿಂಡಿಯನ್ನು ಒಂದೊಂದಾಗಿ ಅವಳ ಆಚೆ ಎಸೆದೆ. ನಲವತ್ತು ನಿಮಿಷ ಬೇಕಾಯಿತು. ಅಷ್ಟು ಹೊತ್ತೂ ನನ್ನ ಕೈ ನಡುಗುತ್ತಿತ್ತು.

ಹೊಸ ನಾಯಿಗೆ ಮನೆಯ ದಾರಿ ಗೊತ್ತಿರುವುದಿಲ್ಲ. ಮೊದಲ ದಿನವೇ ಫೋನ್ ನಂಬರ್ ಇರುವ ಬಿಲ್ಲೆ ಕಟ್ಟಿ. ಹೊರಗೆ ಹೋಗುವಾಗ ಕೊರಳ ಪಟ್ಟಿಯ ಜೊತೆ ಎದೆಗೆ ಹಾರ್ನೆಸ್ ಕೂಡ ಹಾಕಿ, ಎರಡಕ್ಕೂ ಲೀಶ್ ಸಿಕ್ಕಿಸಿ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ಪಟ್ಟಿಯಿಂದ ತಲೆ ಬಿಡಿಸಿಕೊಳ್ಳಲು ಒಂದು ಕ್ಷಣ ಸಾಕು.

ಇನ್ನು ಒಂಟಿಯಾಗಿ ಇರುವುದು. ವಾರವೆಲ್ಲ ರಜೆ ಹಾಕಿ ಜೊತೆಗಿದ್ದು, ಆಮೇಲೆ ಒಂದೇ ಸಲ ಒಂಬತ್ತು ಗಂಟೆ ಬಿಟ್ಟು ಹೋಗಬೇಡಿ. ಮೊದಲು ಬಾಗಿಲಾಚೆ ಐದು ಸೆಕೆಂಡ್. ಆಮೇಲೆ ಹತ್ತು. ಬೀಗದ ಕೈ ಎತ್ತಿಕೊಂಡು ಎಲ್ಲೂ ಹೋಗದೆ ಕೂತುಕೊಳ್ಳಿ, ಆ ಸದ್ದಿಗೆ ಅರ್ಥವೇ ಇಲ್ಲದ ಹಾಗೆ ಆಗಲಿ. ಹೊರಗೆ ಹೋದಾಗ ಫೋನ್ ಇಟ್ಟು ರೆಕಾರ್ಡ್ ಮಾಡಿ. ಒಂಟಿಯಾಗಿ ಇರಲಾಗದ ತೊಂದರೆ ಇದ್ದರೆ ಸಾಮಾನ್ಯವಾಗಿ ಮೊದಲ ಅರ್ಧ ಗಂಟೆಯಲ್ಲೇ ಕಾಣುತ್ತದೆ. ಬಾಗಿಲು ಕೆರೆಯುವುದು, ಜೊಲ್ಲು, ನಿಲ್ಲದ ಕೂಗು.

ಎರಡು ದಿನ ಏನೂ ತಿನ್ನದಿದ್ದರೆ, ಒಂದು ದಿನ ನೀರೇ ಕುಡಿಯದಿದ್ದರೆ ಕಾಯಬೇಡಿ, ಪಶುವೈದ್ಯರ ಹತ್ತಿರ ಹೋಗಿ. ಮರಿಯಾದರೆ ಇನ್ನೂ ಬೇಗ. ಮುಟ್ಟಿದರೆ ಸಿಡುಕುವ ನಾಯಿಗೆ ಎಲ್ಲೋ ನೋವಿರಬಹುದು, ಕಿವಿಯಲ್ಲಿ, ಹಲ್ಲಿನಲ್ಲಿ, ಸೊಂಟದಲ್ಲಿ. ವಾರಗಳು ಕಳೆದರೂ ಭಯ ಇಳಿಯದ ನಾಯಿಗೆ ಫ್ಲೂಆಕ್ಸೆಟಿನ್‌ನಂಥ ಔಷಧಿಯನ್ನು ವೈದ್ಯರು ಕೊಡುವುದುಂಟು. ಕೆಲಸ ಮಾಡಲು ಅದಕ್ಕೆ ವಾರಗಟ್ಟಲೆ ಬೇಕು, ತರಬೇತಿಯೂ ಜೊತೆಗಿರಬೇಕು. ಔಷಧಿ ಕೊಡಿಸುವುದು ಸೋಲು ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಮನುಷ್ಯರ ಮಾತ್ರೆಯನ್ನು ನೀವಾಗಿಯೇ ಕೊಡುವ ಸಾಹಸ ಮಾತ್ರ ಬೇಡ.

[ದೃಶ್ಯ: ಅದೇ ಕೋಣೆ, ಹಗಲು. ಮಂಚದ ಪಕ್ಕದಲ್ಲಿ, ನೆಲದ ನಟ್ಟನಡುವೆ ಬೆಳ್ಳಿ.]

ಇದು ನಾಲ್ಕನೇ ತಿಂಗಳಲ್ಲಿ ತೆಗೆದದ್ದು. ಮೊದಲು ತೋರಿಸಿದ ವಿಡಿಯೋ ನೆನಪಿದೆಯಲ್ಲ, ಗೋಡೆಗೆ ಬೆನ್ನು, ಎದ್ದು ಓಡಲು ಸಿದ್ಧವಾಗಿ ಮಡಿಸಿಟ್ಟ ಕಾಲು. ಈಗ ನೋಡಿ. ಪೂರ್ತಿ ಮಗ್ಗುಲಾಗಿ ಬಿದ್ದುಕೊಂಡಿದ್ದಾಳೆ. ನಾಲ್ಕೂ ಕಾಲು ಚಾಚಿದ್ದಾಳೆ, ಹೊಟ್ಟೆ ಮೆಲ್ಲಗೆ ಏರಿ ಇಳಿಯುತ್ತಿದೆ. ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿದೆ, ಸದ್ದು ಕೇಳಿಸುತ್ತಿದೆಯಾ? ಅವಳ ಒಂದು ಕಿವಿ ಅಲ್ಲಾಡಿತು. ಕಣ್ಣು ತೆರೆಯಲಿಲ್ಲ.