ಬಿ ಕೋಶದ ಗುರುತಾದ ಸಿಡಿ20 ಪ್ರೋಟೀನು ಕಾಣಲಿಲ್ಲ ಅಂದ್ರೆ ಅದು ಬಿ ಕೋಶ ಅಲ್ಲ ಅಂತಾನಾ?

[ಪರದೆಯಲ್ಲಿ: ನೇರಳೆ ಬಣ್ಣದ ಸ್ಲೈಡ್]

ನಮಸ್ಕಾರ. ಇದು ದುಗ್ಧರಸ ಗ್ರಂಥಿಯ (ಲಿಂಫ್ ನೋಡ್) ಬಯಾಪ್ಸಿ. ಎಲ್ಲಿ ನೋಡಿದರೂ ದುಂಡು ದುಂಡು ಕೋಶಗಳು. ಲಿಂಫೋಮಾ, ಅಂದರೆ ಲಿಂಫೋಸೈಟ್ ಅನ್ನೋ ಬಿಳಿ ರಕ್ತಕಣಗಳ ಕ್ಯಾನ್ಸರ್ ಅನ್ನೋ ಅನುಮಾನ ಇದೆ. ಆ ಕಣಗಳಲ್ಲಿ ಬಿ, ಟಿ ಅಂತ ಮುಖ್ಯ ಬಗೆಗಳಿವೆ. ಇವು ಬಿ ಕೋಶಗಳೋ, ಟಿ ಕೋಶಗಳೋ? ಮಾಮೂಲಿ ಬಣ್ಣದಲ್ಲಿ ಎಷ್ಟು ದಿಟ್ಟಿಸಿದರೂ ಖಚಿತವಾಗಿ ಹೇಳಲಾಗದು. ಅದಕ್ಕೇ ಆಂಟಿಬಾಡಿ ಬೇಕು, ಅಂದರೆ ಒಂದು ನಿರ್ದಿಷ್ಟ ಪ್ರೋಟೀನನ್ನು ಹುಡುಕಿ ಅಂಟಿಕೊಳ್ಳುವ ವಸ್ತು.

ಫಾರ್ಮಲಿನ್‌ನಲ್ಲಿ ನೆನೆಸಿ, ಮೇಣದಲ್ಲಿ ಹೂತು, 3-4 ಮೈಕ್ರಾನ್ ದಪ್ಪಕ್ಕೆ ಕತ್ತರಿಸಿದ ಚೂರು ಇದು. ಫಾರ್ಮಲಿನ್ ಪ್ರೋಟೀನುಗಳನ್ನು ಬಿಗಿದು ಹಾಕುತ್ತದೆ. ಹಾಗಾಗಿ ಮೊದಲು ಬಫರ್ ದ್ರಾವಣದಲ್ಲಿ ಬಿಸಿ ಮಾಡಿ ಸಡಿಲಿಸುತ್ತಾರೆ. ಆಮೇಲೆ ಆಂಟಿಬಾಡಿ. ಅದು ಅಂಟಿದ ಕಡೆ ಕಂದು, ಉಳಿದ ಕೋಶಗಳ ನ್ಯೂಕ್ಲಿಯಸ್ ನೀಲಿ.

[ಕ್ಲೋಸಪ್: ಕಂದು ಉಂಗುರಗಳು]

ಮೊದಲ ಆಯ್ಕೆ ಸಾಮಾನ್ಯವಾಗಿ ಸಿಡಿ20. ಎಲ್26 ಅನ್ನೋ ಆಂಟಿಬಾಡಿ ಇದಕ್ಕೆ ಹೆಸರುವಾಸಿ. ನೋಡಿ, ಪ್ರತಿ ಕೋಶದ ಅಂಚಿಗೂ ಪೆನ್ನಿನಲ್ಲಿ ಗೆರೆ ಎಳೆದ ಹಾಗಿದೆ.

ಇಲ್ಲೊಂದು ಮಜಾ ಇದೆ. 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ರಿಟುಕ್ಸಿಮ್ಯಾಬ್ ಅನ್ನೋ ಲಿಂಫೋಮಾ ಔಷಧಿಯ ಗುರಿಯೂ ಇದೇ ಸಿಡಿ20. ಆದರೆ ಔಷಧಿ ಹಿಡಿಯುವುದು ಕೋಶದ ಹೊರಗೆ ಚಾಚಿದ ಭಾಗವನ್ನು. ಎಲ್26 ಹಿಡಿಯುವುದು ಒಳಗಿರುವ ಭಾಗವನ್ನು. ಔಷಧಿ ಅಲ್ಲೇ ಕೂತಿದ್ದರೂ ಎಲ್26ಗೆ ಅಡ್ಡಿಯಿಲ್ಲ. ಹಾಗಾಗಿ ಚಿಕಿತ್ಸೆಯ ನಂತರ ಮರುಕಳಿಸಿದ ಗಡ್ಡೆಯಲ್ಲಿ ಎಲ್26 ಬಣ್ಣ ಬರದಿದ್ದರೆ, ಔಷಧಿ ಮುಚ್ಚಿಕೊಂಡಿದೆ ಅಂತ ಸುಮ್ನೆ ಸಮಾಧಾನ ಪಟ್ಟುಕೊಳ್ಳುವ ಹಾಗಿಲ್ಲ. ಸಿಡಿ20 ನಿಜಕ್ಕೂ ಕಳೆದುಹೋಗಿರಬಹುದು. ಆದರೂ ಅದು ಬಿ ಕೋಶವೇ ಆಗಿರಬಹುದು!

ಆಗ ಪ್ಯಾಕ್ಸ್5 ಮತ್ತು ಸಿಡಿ79ಎ ಅನ್ನೋ ಬಿ ಕೋಶದ ಇನ್ನೆರಡು ಗುರುತುಗಳು ಕೈಹಿಡಿಯುತ್ತವೆ.

[ಕ್ಲೋಸಪ್: ಹಾಡ್ಜ್‌ಕಿನ್ ಸ್ಲೈಡ್]

ಪ್ಯಾಕ್ಸ್5 ಬಣ್ಣ ನ್ಯೂಕ್ಲಿಯಸ್‌ಗೇ ಬರುತ್ತದೆ. ಕ್ಲಾಸಿಕ್ ಹಾಡ್ಜ್‌ಕಿನ್ ಅನ್ನೋ ಲಿಂಫೋಮಾದ ಈ ದೊಡ್ಡ ಕ್ಯಾನ್ಸರ್ ಕೋಶ ನೋಡಿ: ತೆಳು ಕಂದು. ಪಕ್ಕದ ಪುಟ್ಟ ಬಿ ಕೋಶಗಳು ಗಾಢ ಕಂದು. ಅವಸರದಲ್ಲಿ ನೋಡಿದರೆ ದೊಡ್ಡದನ್ನು ನೆಗೆಟಿವ್ ಅಂದುಬಿಡುತ್ತೇವೆ. ನನ್ನ ಪ್ರಕಾರ ಕಲಿಯುವವರು ಅತಿ ಜಾಸ್ತಿ ಹೊತ್ತು ಕೂತು ನೋಡಬೇಕಾದ ಸ್ಲೈಡ್ ಇದು.

ಸಿಡಿ79ಎ ಎಳೆಯ ಬಿ ಕೋಶದಲ್ಲೂ ಇರುತ್ತದೆ, ಬಿ ಕೋಶ ಬಲಿತು ಆಗುವ ಪ್ಲಾಸ್ಮಾ ಕೋಶಗಳಲ್ಲಿ ಎಷ್ಟೋ ಕಡೆ ಉಳಿದಿರುತ್ತದೆ. ಆದರೆ ಕೆಲವು ಟಿ ಲಿಂಫೋಬ್ಲಾಸ್ಟಿಕ್ (ಎಳೆಯ ಟಿ ಕೋಶದ) ಗಡ್ಡೆಗಳಲ್ಲೂ ಇಣುಕುತ್ತದೆ. ಜೊತೆಗೆ ಟಿ ಕೋಶದ ಗುರುತಾದ ಸಿಡಿ3 ಹಾಕುವುದು ಅದಕ್ಕೇ. ಪ್ಲಾಸ್ಮಾ ಕೋಶದ ಕಡೆಗೆ ವಾಲಿದ ಪ್ಲಾಸ್ಮಾಬ್ಲಾಸ್ಟಿಕ್ ಲಿಂಫೋಮಾದಲ್ಲಂತೂ ಸಿಡಿ20, ಪ್ಯಾಕ್ಸ್5 ಎರಡೂ ಸಾಮಾನ್ಯವಾಗಿ ಕೈಕೊಡುತ್ತವೆ, ಪ್ಲಾಸ್ಮಾ ಕೋಶದ ಗುರುತಾದ ಸಿಡಿ138 ನೋಡಬೇಕು.

ಹಾಂ, ಕಂದು ಬಂತು ಅಂದರೆ ಕ್ಯಾನ್ಸರ್ ಅಂತಲ್ಲ. ಆರೋಗ್ಯವಂತ ಬಿ ಕೋಶಕ್ಕೂ ಇದೇ ಬಣ್ಣ. ಹಾಗೇ, ಬಣ್ಣ ಬರಲಿಲ್ಲ ಅಂದರೆ ಅದೇ ಚೂರಿನಲ್ಲಿರುವ ಆರೋಗ್ಯವಂತ ಬಿ ಕೋಶಗಳನ್ನು ಮೊದಲು ಹುಡುಕಿ. ಅವೂ ನೀಲಿಯಾಗೇ ಇದ್ದರೆ ಎಡವಟ್ಟಾಗಿರುವುದು ಸ್ಲೈಡ್‌ನಲ್ಲಿ. ಇನ್ನೊಂದು ಚೂರು ಕತ್ತರಿಸಿ, ಮತ್ತೆ ಬಣ್ಣ ಹಾಕಿಸಿ.