ಒಂದೇ ಬರಹ, ಎರಡು ಉಚ್ಚಾರ: ಪುಟ್ಟ ಸೀತಾಳೆಗಳ ಹೆಸರುಗಳು

ಕೇಳುಗರೆ, ನಮಸ್ಕಾರ.

ನನ್ನ ಮನೆಯ ಮೂಡಣ ಕಿಟಕಿಯಲ್ಲಿ ಎರಡು ಪುಟ್ಟ ಕುಂಡಗಳಿವೆ. ಎರಡರಲ್ಲಿಯೂ ಪಾಚಿಯ ಗುಪ್ಪೆಯ ಮೇಲೆ ಹೆಬ್ಬೆರಳಿನಷ್ಟು ಎತ್ತರದ ಒಂದೊಂದು ಸೀತಾಳೆ, ಎಂದರೆ ಆರ್ಕಿಡ್ ಗಿಡ, ಕುಳಿತಿದೆ. ಎಲೆಗಳು ಗಿಡ್ಡ, ದಪ್ಪ. ಎರಡೇ ಸಾಲಿನಲ್ಲಿ, ಒಂದರ ಮೇಲೊಂದು ಒತ್ತಿಕೊಂಡು ನಿಂತಿವೆ. ಮೊದಲನೆಯ ಗಿಡವನ್ನು ಕೊಂಡಾಗ ಅದರ ಚೀಟಿಯಲ್ಲಿ ತಮಕೊಂಗೋ ಎಂದಿತ್ತು. ಎರಡು ವರ್ಷಗಳ ಬಳಿಕ, ಓಕ್‌ಗುಮ್‌ಗಾಂಗ್ ಎಂಬುದು ಬೇರೆಯೇ ತಳಿಯೆಂದು ನಂಬಿ, ಇನ್ನೊಬ್ಬ ಮಾರಾಟಗಾರರಿಂದ ಎರಡನೆಯದನ್ನು ತರಿಸಿಕೊಂಡೆ. ಅಕ್ಕಪಕ್ಕದಲ್ಲಿಟ್ಟು ಎಷ್ಟು ನೋಡಿದರೂ ವ್ಯತ್ಯಾಸ ಕಾಣಲಿಲ್ಲ. ತಮಕೊಂಗೋ ಎಂಬುದು ಜಪಾನಿನ ಉಚ್ಚಾರ, ಓಕ್‌ಗುಮ್‌ಗಾಂಗ್ ಎಂಬುದು ಕೊರಿಯಾದ ಉಚ್ಚಾರ. ಬರೆಯುವುದು ಮಾತ್ರ ಅವೇ ಮೂರು ಚೀನೀ ಅಕ್ಷರಗಳನ್ನು. ಅಂದಿನಿಂದ ಈ ಹೆಸರುಗಳ ಬೆನ್ನು ಹತ್ತಿದ್ದೇನೆ.

ಗಿಡದ ಪರಿಚಯವನ್ನು ಮೊದಲು ಮಾಡಿಕೊಡುತ್ತೇನೆ. ಜಪಾನಿನ ದಕ್ಷಿಣ ಭಾಗದಲ್ಲಿ, ಕೊರಿಯಾದ ದಕ್ಷಿಣದ ದ್ವೀಪಗಳಲ್ಲಿ ಮರ ಬಂಡೆಗಳನ್ನು ಅಪ್ಪಿಕೊಂಡು ಬೆಳೆಯುವ ಸೀತಾಳೆ ಇದು. ಬೇಸಿಗೆಯಲ್ಲಿ ಬಿಳಿಯ ಹೂ ಬಿಡುತ್ತದೆ. ಪ್ರತಿ ಹೂವಿನ ಹಿಂದೆ ಬಾಗಿದ ಉದ್ದನೆಯ ಬಾಲದಂಥ ಮಕರಂದದ ಕೊಳವೆ. ಕತ್ತಲಾದ ಮೇಲೆ ಅದರ ಪರಿಮಳ ಕೋಣೆಯನ್ನೆಲ್ಲ ತುಂಬುತ್ತದೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಥುನ್‌ಬರ್ಗ್ 1784ರಲ್ಲಿ ಇದನ್ನು ವರ್ಣಿಸಿ, ಕುಡುಗೋಲಿನಂತೆ ಬಾಗಿದ್ದು ಎಂಬ ಅರ್ಥದಲ್ಲಿ ಫಾಲ್ಕೇಟಾ ಎಂದು ಕರೆದರು. ಬಹುಕಾಲ ನಿಯೋಫಿನೇಷಿಯಾ ಕುಲದಲ್ಲಿದ್ದ ಈ ಗಿಡವನ್ನು ಸಸ್ಯವಿಜ್ಞಾನಿಗಳು ಈಗ ವಂಡಾ ಕುಲಕ್ಕೆ ಸೇರಿಸಿದ್ದಾರೆ. ವಂಡಾ ಎಂಬುದು ನಮ್ಮ ಕಡೆಯಿಂದಲೇ ಹೋದ ಮಾತು. ಸಂಸ್ಕೃತದಲ್ಲಿ ವಂದಾ ಎಂದರೆ ಮರದ ಮೇಲೆ ಹುಟ್ಟುವ ಬಂದಣಿಕೆ; ಅಮರಕೋಶದಲ್ಲಿ ವೃಕ್ಷರುಹಾ ಎಂಬ ಪದದ ಜೊತೆಗೇ ಅದು ಬರುತ್ತದೆ.

ಜಪಾನಿನಲ್ಲಿ ಕಾಡಿನ ಗಿಡಕ್ಕೆ ಫೂರನ್ ಎಂದು ಹೆಸರು, ಎಂದರೆ ಗಾಳಿಯ ಸೀತಾಳೆ. ಅದೇ ಗಿಡದ ಎಲೆಯಲ್ಲಿಯೋ ಹೂವಿನಲ್ಲಿಯೋ ಅಪರೂಪದ ಲಕ್ಷಣ ಕಾಣಿಸಿಕೊಂಡು, ಪೀಳಿಗೆಯಿಂದ ಪೀಳಿಗೆಗೆ ಅದನ್ನು ಕಾಪಾಡಿಕೊಂಡು ಬಂದರೆ ಅದು ಫೂಕಿರನ್ ಆಗುತ್ತದೆ. ಫೂಕಿ ಎಂದರೆ ಸಿರಿ ಮತ್ತು ಕುಲೀನತೆ. ಈ ಹವ್ಯಾಸ, ಶೋಗುನ್ ಎಂಬ ಸೇನಾಧಿಪತಿಗಳು ಜಪಾನನ್ನು ಆಳುತ್ತಿದ್ದ ಎದೋ ಕಾಲದ್ದು. 1787ರಿಂದ 1837ರವರೆಗೆ ಶೋಗುನ್ ಆಗಿದ್ದ ತೊಕುಗಾವ ಇಯೆನಾರಿಗೆ ಈ ಗಿಡಗಳೆಂದರೆ ಬಹಳ ಪ್ರೀತಿಯಿತ್ತಂತೆ. ಗಿಡವನ್ನು ನೋಡಬಂದವರು ತಮ್ಮ ಉಸಿರು ತಾಗದಿರಲೆಂದು ಬಾಯಿಗೆ ಕಾಗದ ಹಿಡಿದು ಬಾಗಿ ನೋಡುತ್ತಿದ್ದರೆಂದು ಬೆಳೆಗಾರರು ಇಂದಿಗೂ ಹೇಳುತ್ತಾರೆ. ಜಪಾನಿನ ಫೂಕಿರನ್ ಸಂಘವು ಮಾನ್ಯತೆ ಪಡೆದ ತಳಿಗಳ ಪಟ್ಟಿಯನ್ನು ಮೇಕನ್ ಎಂಬ ಹೆಸರಿನಲ್ಲಿ ಒಂದೇ ದೊಡ್ಡ ಹಾಳೆಯಲ್ಲಿ, ಸುಮೋ ಕುಸ್ತಿಪಟುಗಳ ಶ್ರೇಣಿಪಟ್ಟಿಯ ಮಾದರಿಯಲ್ಲಿ, ಮೇಲಿನಿಂದ ಕೆಳಗೆ ಅಂತಸ್ತಿನ ಪ್ರಕಾರ ಅಚ್ಚು ಹಾಕಿಸುತ್ತದೆ.

ಕೊರಿಯಾದಲ್ಲಿ ಇದೇ ಗಿಡ ಪುಂಗ್‌ನನ್. ಫೂ ಮತ್ತು ಪುಂಗ್, ಎರಡೂ ಗಾಳಿ ಎಂಬ ಅರ್ಥದ ಒಂದೇ ಅಕ್ಷರದ ಓದುಗಳು. ಐದು ಎಂಬ ಅಂಕಿಯನ್ನು ಬರೆದಿಟ್ಟರೆ ಕನ್ನಡಿಗರು ಐದು ಎಂದೂ ಹಿಂದಿಯವರು ಪಾಂಚ್ ಎಂದೂ ಓದುವ ಹಾಗೆ ಇದು. ಜಪಾನಿನಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಅಲ್ಲಿ ಒಂದು ಅಕ್ಷರಕ್ಕೆ ಸಾಮಾನ್ಯವಾಗಿ ಚೀನಾದಿಂದ ಬಂದ ಓದು ಒಂದು, ಅಚ್ಚ ಜಪಾನೀ ಓದು ಇನ್ನೊಂದು. ನಾವು ಅದೇ ಅಂಕಿಗೆ ಒಮ್ಮೆ ಐದು ಎಂದು, ಒಮ್ಮೆ ಪಂಚ ಎಂದು ಹೇಳಿದಂತೆ. ತಮಕೊಂಗೋ ಎಂಬ ಹೆಸರಿನಲ್ಲಿ ತಮ ಎಂಬುದು ಅಚ್ಚ ಜಪಾನೀ ಮಾತು, ಮಣಿ ಎಂದು ಅರ್ಥ. ಕೊಂಗೋ ಎಂಬುದು ಚೀನಾದಿಂದ ಬಂದ ಓದು. ಕೊರಿಯಾದವರು ಎಲ್ಲವನ್ನೂ ಎರವಲು ಓದಿನಲ್ಲಿಯೇ ಓದುವುದರಿಂದ ಅವರ ಬಾಯಲ್ಲಿ ಅದು ಓಕ್ ಮತ್ತು ಗುಮ್‌ಗಾಂಗ್ ಆಯಿತು. ಈ ಕೊಂಗೋ ಅಥವಾ ಗುಮ್‌ಗಾಂಗ್ ಎಂಬುದು ಬೌದ್ಧರು ವಜ್ರ ಎಂಬ ನಮ್ಮ ಪದಕ್ಕೆ ಮಾಡಿಕೊಂಡ ಅನುವಾದ. ಕೊರಿಯಾದ ಪ್ರಸಿದ್ಧ ಗುಮ್‌ಗಾಂಗ್ ಪರ್ವತದ ಹೆಸರಿನಲ್ಲಿ ಇರುವುದೂ ಅದೇ ವಜ್ರ. ಹಾಗಾಗಿ ನನ್ನ ಕಿಟಕಿಯ ಗಿಡ ಮಣಿವಜ್ರ. ಗುಂಡಗೆ, ಗಟ್ಟಿಯಾಗಿ ಕುಳಿತ ಆ ಎಲೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದವರಿಗೆ ಹೆಸರಿಟ್ಟವರ ಕಣ್ಣು ಎಷ್ಟು ಚುರುಕಾಗಿತ್ತೆಂಬುದು ತಿಳಿಯುತ್ತದೆ.

ಎಲ್ಲ ಹೆಸರುಗಳೂ ಅನುವಾದಗಳಲ್ಲ. ಮಂಜುಶಾಗೆ ಎಂಬ ತಳಿಯ ಹೆಸರು ಬೌದ್ಧ ಸೂತ್ರಗಳ ಮಂಜೂಷಕ ಎಂಬ ದೇವಪುಷ್ಪದ ಹೆಸರನ್ನು ಧ್ವನಿಗೆ ಧ್ವನಿ ಕೂಡಿಸಿ ಬರೆದದ್ದು. ಇನ್ನು ನಸುಗೆಂಪು ಹೂವಿನ ಒಂದು ಪುಟಾಣಿ ತಳಿಗೆ ಬೆನಿಸುಜುಮೆ ಎನ್ನುತ್ತಾರೆ. ಬೆನಿ ಎಂದರೆ ಕೆಂಪು, ಸುಜುಮೆ ಎಂದರೆ ಗುಬ್ಬಚ್ಚಿ, ಒಟ್ಟಿಗೆ ಕೆಂಗುಬ್ಬಿ. ಅವೇ ಅಕ್ಷರಗಳು ಕೊರಿಯಾದ ಓದಿನಲ್ಲಿ ಹೋಂಗ್‌ಜಾಕ್ ಆಗುತ್ತವೆ. ಕಿವಿಯನ್ನಷ್ಟೇ ನಂಬಿದವರಿಗೆ ಇವೆರಡೂ ಒಂದೇ ಎಂದು ಹೊಳೆಯಲು ಸಾಧ್ಯವೇ ಇಲ್ಲ.

ನನಗೆ ಅತ್ಯಂತ ಹತ್ತಿರವೆನಿಸಿದ್ದು ಎಲೆಯ ವರ್ಗಗಳ ಹೆಸರು. ಗಿಡ್ಡ ಎಲೆಯ ತಳಿಗಳನ್ನು ಜಪಾನಿನಲ್ಲಿ ಮಮೆಬ ಎನ್ನುತ್ತಾರೆ. ಮಮೆ ಎಂದರೆ ಅವರೆಯಂಥ ಕಾಳು, ಹ ಎಂದರೆ ಎಲೆ. ಎರಡು ಕೂಡಿದಾಗ ಹಕಾರ ಬಕಾರವಾಯಿತು. ನಾವು ಶಾಲೆಯಲ್ಲಿ ಕಲಿತ ಆದೇಶ ಸಂಧಿಯನ್ನು ನೆನೆದುಕೊಳ್ಳಿ. ಹನಿ ಎಂಬುದು ಬಿಡಿಯಾಗಿ ಹನಿ, ಹಳಗನ್ನಡದಲ್ಲಿ ಪನಿ, ಕಣ್ಣಿನೊಡನೆ ಕೂಡಿದರೆ ಕಂಬನಿ. ಜಪಾನಿನ ಈ ಹಕಾರವೂ ಹಿಂದೊಮ್ಮೆ ಪಕಾರವಾಗಿತ್ತು. ಎರಡು ಭಾಷೆಗಳಿಗೆ ನಂಟು ಕಟ್ಟಲು ಈ ಮಾತನ್ನು ಹೇಳುತ್ತಿಲ್ಲ. ಕಂಬನಿ ಎಂದು ಸರಾಗವಾಗಿ ನುಡಿಯುವ ನಮ್ಮ ನಾಲಿಗೆಗೆ ಮಮೆಬ ಕಷ್ಟವಾಗಬೇಕಾಗಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ಕೊರಿಯಾದ ಉಚ್ಚಾರದಲ್ಲಿಯೂ ಇಂಥದೇ ಒಂದು ಸೊಗಸಿದೆ. ಎಲೆಯ ಅಂಚಿನ ಉದ್ದಕ್ಕೂ ಬಿಳಿ ಅಥವಾ ಹಳದಿ ಪಟ್ಟಿಯಿದ್ದರೆ ಜಪಾನೀಯರು ಅದನ್ನು ಫುಕುರಿನ್ ಎನ್ನುತ್ತಾರೆ. ಕೊರಿಯಾದವರು ಬೊಕ್ ಮತ್ತು ರ್ಯುನ್ ಎಂದು ಬರೆದು, ಬೊಂಗ್‌ನ್ಯುನ್ ಎಂದು ನುಡಿಯುತ್ತಾರೆ. ವಾಕ್ ಮತ್ತು ಮಯ ಕೂಡಿ ವಾಙ್ಮಯವಾಗುವಾಗ ಕಕಾರ ಮೂಗಿನ ಧ್ವನಿಯಾಗುವುದು ಹೀಗೆಯೇ.

ಬೇರೆ ಪುಟ್ಟ ಸೀತಾಳೆಗಳಲ್ಲಿಯೂ ಇದೇ ಪದ್ಧತಿಯಿದೆ. ಡೆಂಡ್ರೋಬಿಯಮ್ ಜಾತಿಯ ಒಂದು ಗಿಡ ಕಾಡಿನಲ್ಲಿದ್ದರೆ ಜಪಾನಿನಲ್ಲಿ ಸೆಕ್ಕೊಕು, ಕೊರಿಯಾದಲ್ಲಿ ಸೊಕ್ಗೊಕ್. ಅದರ ಆಯ್ದ ತಳಿಗಳಾದರೆ ಕ್ರಮವಾಗಿ ಚೋಸೇರನ್ ಮತ್ತು ಜಾಂಗ್‌ಸೇಂಗ್‌ನನ್, ಎಂದರೆ ದೀರ್ಘಾಯುಷ್ಯದ ಸೀತಾಳೆ.

ಸಾಕಿದ ತಳಿಗಳಿಗೆ ಇಷ್ಟೊಂದು ಹೆಸರುಗಳಿರುವಾಗ, ಕೊರಿಯಾದ ಕಾಡಿನ ಪುಂಗ್‌ನನ್ ಅಲ್ಲಿನ ಸರ್ಕಾರದ ಅಳಿವಿನಂಚಿನ ಜೀವಿಗಳ ಮೊದಲ ದರ್ಜೆಯ ಪಟ್ಟಿಯಲ್ಲಿದೆ. ಚೆಲುವಿಗೆ ಮನಸೋತವರು ಬಂಡೆಗಳಿಂದ ಕಿತ್ತು ಒಯ್ದದ್ದೇ ಅದಕ್ಕೆ ಮುಖ್ಯ ಕಾರಣ. ಆದುದರಿಂದ ಗಿಡ ಕೊಳ್ಳುವವರು ಅದು ಸಾಕಿ ಬೆಳೆಸಿದ ಗಿಡವೇ ಎಂದು ಮೊದಲು ಕೇಳಬೇಕು, ಬಳಿಕ ಹೆಸರನ್ನು ಮೂಲ ಅಕ್ಷರಗಳಲ್ಲಿ ಬರೆದುಕೊಡಿರೆಂದು ಕೇಳಬೇಕು. ಅಕ್ಷರಗಳು ಕೈಯಲ್ಲಿದ್ದರೆ ಉಚ್ಚಾರದ ಗೊಂದಲ ತಾನಾಗಿ ತೀರುತ್ತದೆ.

ನನ್ನ ಎರಡು ಕುಂಡಗಳ ಚೀಟಿಗಳನ್ನು ಬದಲಾಯಿಸಿದ್ದೇನೆ. ಈಗ ಎರಡರಲ್ಲಿಯೂ ಮೇಲುಗಡೆ ಆ ಮೂರು ಚೀನೀ ಅಕ್ಷರಗಳಿವೆ. ಅವುಗಳ ಕೆಳಗೆ ಕನ್ನಡದಲ್ಲಿ ತಮಕೊಂಗೋ, ಅದರ ಕೆಳಗೆ ಓಕ್‌ಗುಮ್‌ಗಾಂಗ್ ಎಂದು ಬರೆದಿದ್ದೇನೆ. ಈ ವಾರ ಒಂದು ಗಿಡದ ಬುಡದಲ್ಲಿ ಹೊಸ ಮೊಳಕೆ ಕಾಣಿಸಿಕೊಂಡಿದೆ.

ನಮಸ್ಕಾರ.