ಒಂದೇ ಪ್ರಾಜೆಕ್ಟಿನಲ್ಲಿ ಎರಡು ಆ್ಯಪ್

ಎಲ್ಲರಿಗೂ ನಮಸ್ಕಾರ.

ಶಿವಮೊಗ್ಗದಲ್ಲಿ ಕುಳಿತು ಆ್ಯಪ್ ಕಟ್ಟುವ ನಿಮ್ಮಂಥ ತರುಣರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ: ಜಾಹೀರಾತು ಇರುವ ಉಚಿತ ಆವೃತ್ತಿ ಒಂದು ಬೇಕು, ಜಾಹೀರಾತಿಲ್ಲದ, ಹಣ ಕೊಟ್ಟು ಕೊಳ್ಳುವ ಆವೃತ್ತಿ ಇನ್ನೊಂದು ಬೇಕು. ಥಟ್ಟನೆ ಹೊಳೆಯುವ ದಾರಿ, ಫೋಲ್ಡರನ್ನು ಇಡಿಯಾಗಿ ನಕಲು ಮಾಡಿಕೊಂಡು ಎರಡನೆಯದನ್ನು ತಿದ್ದುವುದು. ದಯವಿಟ್ಟು ಆ ದಾರಿ ಹಿಡಿಯಬೇಡಿ.

ಏಕೆಂದು ಹೇಳುತ್ತೇನೆ. ಅಡಿಕೆ ಬೆಳೆಗಾರರಿಗಾಗಿ ಆ್ಯಪ್ ಮಾಡಿದ್ದೀರಿ ಎಂದುಕೊಳ್ಳಿ. ಕೊಳೆರೋಗ ತಡೆಯಲು ಮಳೆಗಾಲಕ್ಕೆ ಮುನ್ನ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆಯಬೇಕು. ಶೇಕಡಾ 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಡ್ರಮ್ಮಿನ ಅಳತೆ ಕೊಟ್ಟರೆ ಆ್ಯಪ್ ಎಷ್ಟೆಷ್ಟು ಬೇಕೆಂದು ಹೇಳುತ್ತದೆ. ಆ ಲೆಕ್ಕದಲ್ಲಿ ತಪ್ಪೊಂದು ನುಸುಳಿದೆ. ಪಾವತಿ ಆವೃತ್ತಿಯಲ್ಲಿ ಸರಿಪಡಿಸಿದಿರಿ, ಉಚಿತದ್ದರಲ್ಲಿ ಮರೆತಿರಿ. ಸುಣ್ಣ ಕಡಿಮೆಬಿದ್ದ ದ್ರಾವಣ ಗಿಡವನ್ನೇ ಸುಡುತ್ತದೆ. ಹಣ ಕೊಡಲಿಲ್ಲವೆಂಬ ಒಂದೇ ಕಾರಣಕ್ಕೆ ರೈತನೊಬ್ಬನಿಗೆ ತಪ್ಪು ಲೆಕ್ಕ ಸಿಗುವುದು ಅನ್ಯಾಯ. ಜಾಹೀರಾತು ಇರಲಿ, ಸೌಲಭ್ಯ ಕಡಿಮೆಯಿರಲಿ. ಲೆಕ್ಕ ಮಾತ್ರ ಎರಡರಲ್ಲೂ ಒಂದೇ ಆಗಿರಬೇಕು. ಅದಕ್ಕೆ ಆ ಕೋಡ್ ಒಂದೇ ಕಡೆ ಇರಬೇಕು.

ಆಂಡ್ರಾಯ್ಡ್‌ನಲ್ಲಿ ಇದಕ್ಕೆ, ಒಂದೇ ಪ್ರಾಜೆಕ್ಟಿನಿಂದ ಬೇರೆ ಬೇರೆ ಆವೃತ್ತಿ ಕಟ್ಟುವ ಪ್ರಾಡಕ್ಟ್ ಫ್ಲೇವರ್ ಎಂಬ ವ್ಯವಸ್ಥೆ ಇದೆ. ಆ್ಯಪ್ ಹೇಗೆ ಕಟ್ಟಬೇಕೆಂಬ ಸೂಚನೆಗಳಿರುವ ಗ್ರೇಡಲ್ ಫೈಲಿನಲ್ಲಿ ಒಂದು ಫ್ಲೇವರ್ ಡೈಮೆನ್ಶನ್, ಅಂದರೆ ಫ್ಲೇವರುಗಳ ಗುಂಪನ್ನು ಹೆಸರಿಸಿ, ಅದರಡಿ 'ಫ್ರೀ', 'ಪೇಯ್ಡ್' ಎಂದು ಬರೆದರೆ, ಡೀಬಗ್ (ಪರೀಕ್ಷೆಗೆ) ಮತ್ತು ರಿಲೀಸ್ (ಪ್ರಕಟಣೆಗೆ) ಜೊತೆ ಸೇರಿ 4 ಬಿಲ್ಡ್ ವೇರಿಯಂಟ್‌ಗಳು, ಅಂದರೆ ಆ್ಯಪಿನ 4 ರೂಪಗಳು, ತಾವಾಗಿಯೇ ಸಿದ್ಧವಾಗುತ್ತವೆ. ಎರಡಕ್ಕೂ ಸಮಾನವಾದ ಕೋಡ್ ಇರುವ 'ಮೇನ್' ಫೋಲ್ಡರಿನ ಪಕ್ಕದಲ್ಲೇ 'ಫ್ರೀ', 'ಪೇಯ್ಡ್' ಫೋಲ್ಡರುಗಳನ್ನು ಮಾಡಿಕೊಳ್ಳಿ. ಐಕಾನ್, ಆ್ಯಪ್ ಹೆಸರು ಇಂಥವು 'ಮೇನ್'ನಲ್ಲೂ ಫ್ಲೇವರಿನಲ್ಲೂ ಇದ್ದರೆ ಫ್ಲೇವರಿನದೇ ಗೆಲ್ಲುತ್ತದೆ.

ಕೋಡಿನ ವಿಷಯ ಹಾಗಲ್ಲ, ಹೆಚ್ಚಿನವರು ಎಡವುವುದು ಇಲ್ಲಿಯೇ. ಒಂದೇ ಹೆಸರಿನ ಕ್ಲಾಸ್ 'ಮೇನ್'ನಲ್ಲೂ 'ಫ್ರೀ'ಯಲ್ಲೂ ಇದ್ದರೆ ಬಿಲ್ಡ್ ನಿಂತುಬಿಡುತ್ತದೆ. ಜಾಹೀರಾತು ತೋರಿಸುವ ಕ್ಲಾಸನ್ನು 'ಮೇನ್'ನಿಂದ ತೆಗೆದು, ಅದೇ ಹೆಸರಿನಲ್ಲಿ ಎರಡೂ ಫ್ಲೇವರುಗಳಲ್ಲಿ ಬರೆಯಿರಿ. 'ಫ್ರೀ'ಯಲ್ಲಿ ಅದು ಜಾಹೀರಾತು ತರುತ್ತದೆ. 'ಪೇಯ್ಡ್'ನಲ್ಲಿ ಅದರ ಫಂಕ್ಷನ್ ಖಾಲಿ. ಜಾಹೀರಾತಿನ ಲೈಬ್ರರಿಯನ್ನೂ 'ಫ್ರೀ'ಗೆ ಮಾತ್ರ ಸೇರಿಸಿ. ಆಗ ಹಣ ಕೊಟ್ಟವರ ಫೋನಿಗೆ ಆ ಲೈಬ್ರರಿ ಇಳಿಯುವುದೇ ಇಲ್ಲ, ಆ್ಯಪ್ ಹಗುರವೂ ಆಗುತ್ತದೆ. ಕೋಡಿನ ತುಂಬೆಲ್ಲ 'ಇದು ಉಚಿತವೇ?' ಎಂದು ಪರೀಕ್ಷಿಸುವ ಸಾಲುಗಳನ್ನು ಚೆಲ್ಲುವುದಕ್ಕಿಂತ ಇದು ಎಷ್ಟೋ ಮೇಲು.

ಅಪ್ಲಿಕೇಶನ್ ಐಡಿಯನ್ನು ಮೊದಲೇ ಯೋಚಿಸಿ ನಿರ್ಧರಿಸಿ. ಪ್ಲೇ ಸ್ಟೋರ್ ಆ್ಯಪನ್ನು ಗುರುತಿಸುವುದು ಅದರಿಂದಲೇ. ಒಮ್ಮೆ ಪ್ರಕಟಿಸಿದ ಮೇಲೆ ಬದಲಿಸಲಾಗದು. ಉಚಿತವೆಂದು ಪ್ರಕಟಿಸಿದ ಆ್ಯಪಿಗೆ ಆಮೇಲೆ ಬೆಲೆ ಕಟ್ಟುವುದಕ್ಕೂ ಅವಕಾಶವಿಲ್ಲ. ಹಾಗಾಗಿ ಎರಡಕ್ಕೂ ಬೇರೆ ಬೇರೆ ಐಡಿ ಬೇಕು. ಒಂದರ ಐಡಿಯ ಕೊನೆಗೆ ಸಫಿಕ್ಸ್, ಅಂದರೆ ಬಾಲದ ಪದ, ಸೇರಿಸಿದರೆ ಸಾಕು. ಕೋಡಿನೊಳಗೆ ಬಳಸುವ ಪ್ಯಾಕೇಜ್ ಹೆಸರು, ಅಂದರೆ ನೇಮ್‌ಸ್ಪೇಸ್, ಒಂದೇ ಇರುವುದರಿಂದ ಕೋಡ್ ಬದಲಿಸಬೇಕಿಲ್ಲ. ಆ್ಯಪಿನ ವಿವರಗಳಿರುವ ಮ್ಯಾನಿಫೆಸ್ಟ್ ಫೈಲಿನಲ್ಲಿ ಕಂಟೆಂಟ್ ಪ್ರೊವೈಡರ್ (ಬೇರೆ ಆ್ಯಪ್‌ಗಳೊಂದಿಗೆ ದತ್ತಾಂಶ ಹಂಚುವ ಭಾಗ) ಇದ್ದರೆ ಅದನ್ನು ಗುರುತಿಸುವ ಹೆಸರಾದ ಅಥಾರಿಟಿಯನ್ನು ಐಡಿಯಿಂದಲೇ ಬರುವಂತೆ ಬರೆಯಿರಿ. ಇಲ್ಲವಾದರೆ ಎರಡೂ ಆ್ಯಪ್‌ಗಳು ಒಂದೇ ಫೋನಿನಲ್ಲಿ ಕೂರುವುದಿಲ್ಲ. ಐಫೋನಿನಲ್ಲಿ ಇದೇ ಕೆಲಸವನ್ನು ಆ್ಯಪಲ್‌ನ ಆ್ಯಪ್ ಕಟ್ಟುವ ಸಾಧನ ಎಕ್ಸ್‌ಕೋಡ್‌ನ ಎರಡು ಟಾರ್ಗೆಟ್‌ಗಳಿಂದ ಮಾಡಬಹುದು.

ಐಡಿ ಬೇರೆಯಾದರೆ ದತ್ತಾಂಶವೂ ಬೇರೆ. ತೀರ್ಥಹಳ್ಳಿಯ ಬೆಳೆಗಾರರೊಬ್ಬರು ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ವಿಂಗಡಿಸಿ ಹಲವು ವರ್ಷಗಳ ಮಾರಾಟವನ್ನು ಉಚಿತ ಆ್ಯಪಿನಲ್ಲಿ ಬರೆದಿಟ್ಟಿದ್ದಾರೆ. ನಿಮ್ಮ ಕೆಲಸ ಮೆಚ್ಚಿ, ಹಣ ಕೊಟ್ಟು ಪಾವತಿ ಆವೃತ್ತಿ ಹಾಕಿಕೊಂಡರೆ ಅಲ್ಲಿ ಎಲ್ಲವೂ ಖಾಲಿ! ಇದು ಬೇಡವೆಂದೇ ಹಲವರು ಒಂದೇ ಆ್ಯಪ್ ಇಟ್ಟು, ಅದರೊಳಗೇ ಖರೀದಿಯ ವ್ಯವಸ್ಥೆ ಮಾಡುತ್ತಾರೆ. ಅದೂ ಒಳ್ಳೆಯ ದಾರಿಯೇ. ಎರಡು ಆ್ಯಪ್ ಎಂದು ನಿರ್ಧರಿಸಿದವರು ದಾಖಲೆಯನ್ನು ಫೈಲಾಗಿ ಉಳಿಸುವ, ಮರಳಿ ತುಂಬುವ ಸೌಲಭ್ಯವನ್ನು 'ಮೇನ್'ನಲ್ಲಿಯೇ ಬರೆಯಿರಿ. ಅದಕ್ಕೆ ಇಂಟರ್ನೆಟ್ ಬೇಕಾಗದಂತೆ ನೋಡಿಕೊಳ್ಳಿ, ಘಟ್ಟದ ಎಷ್ಟೋ ಮನೆಗಳಲ್ಲಿ ಸಿಗ್ನಲ್ ಸಿಗುವುದಿಲ್ಲ. ಆ ಸೌಲಭ್ಯಕ್ಕೆ ಹಣ ಕೇಳಬೇಡಿ. ಬರೆದಿಟ್ಟ ಲೆಕ್ಕ ಅವರದು.

ಈಗ ಗ್ರೇಡಲ್ ಫೈಲನ್ನು ಪರದೆಯ ಮೇಲೆ ತೆರೆಯುತ್ತೇನೆ. ಲ್ಯಾಪ್‌ಟಾಪ್ ತಂದವರು ಜೊತೆಯಲ್ಲೇ ಮಾಡುತ್ತ ಬನ್ನಿ.